ಅಂಟಿನ ಸರದಿ: ಹನ್ನೊಂದನೆಯ ಕಂತು

"ಮುಖ ಮೇಲೆ ಮಾಡ್ಬೇಡ ವಿಜಯ. ನನಗೆ ಇದರ ಬೆನ್ನು ಬೇಕು."

ವಿಜಯಕುಮಾರ್ ಕೈ ತಡೆದ. ಶಿವಮೊಗ್ಗದ ಗೋಪಾಳದ ಅವನ ಮನೆಯ ಊಟದ ಮೇಜಿನ ಮೇಲೆ ಬಿಳಿ ದುಪ್ಪಟಿ ಹಾಸಿ, ಅದರ ಮೇಲೆ ಚಿತ್ರವನ್ನು ಬೋರಲು ಮಲಗಿಸಿದ್ದರು. ನಲವತ್ತು ವರ್ಷದಿಂದ ಕಾಣೆಯಾಗಿದ್ದು, ಹೋದ ವಾರ ಹೊಳೆಹೊನ್ನೂರಿನ ಹಳೆಯ ಅಕ್ಕಿ ಗಿರಣಿಯೊಂದನ್ನು ಕೆಡವುವಾಗ ಕಪಾಟಿನ ಹಿಂದೆ ಸುರುಳಿಯಾಗಿ ಸಿಕ್ಕ 'ತುಂಬಿದ ಹೊಳೆ' ಅದು.

ಜನಾರ್ದನ ಮಸೂರ ಹಿಡಿದು ಬಗ್ಗಿದ. ಅರವತ್ತು ತುಂಬಿದ ಸೊಂಟ ಬಗ್ಗಲು ಒಪ್ಪಲಿಲ್ಲ. ಆದರೂ ಬಗ್ಗಿಸಿದ.

ಪೊಲೀಸ್ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಅವನು ಮಾಡಿದ್ದು ಒಂದೇ ಕೆಲಸ. ಕಂಡವರು ಹೇಳಿದ್ದನ್ನು ಕೇಳಿಕೊಂಡು, ತಾನು ಕಾಣದವರ ಮುಖ ಬರೆಯುವುದು. ಮೂಗು ಮೊಂಡು ಸಾರ್, ಹುಬ್ಬು ಕೂಡಿತ್ತು ಸಾರ್ ಎಂದವರ ಮಾತಿನ ಮೇಲೆ ಎಷ್ಟೋ ಕಳ್ಳರನ್ನು ಕಾಗದದ ಮೇಲೆ ಹಿಡಿದುಕೊಟ್ಟಿದ್ದ. ಹೋದ ವರ್ಷ ನಿವೃತ್ತನಾದ. ಆ ಕೈಗೆ ಗೆರೆ ಕಲಿಸಿದ್ದು ಮಾತ್ರ ಇಲಾಖೆಯಲ್ಲ, ಕೋಟೆ ರಸ್ತೆಯ ತುಂಗಾತೀರ ಚಿತ್ರಕಲಾ ಶಾಲೆ. ಊರಿನ ಬಾಯಲ್ಲಿ 'ಬಣ್ಣದ ಶಾಲೆ.'

"ಜನಾರ್ದನಣ್ಣ, ಟೈಮ್ ನೋಡ್ಕೊಳ್ಳಿ," ಎಂದ ವಿಜಯಕುಮಾರ್. ಶಾಲೆ ಕಟ್ಟಿದ ಷಣ್ಮುಖಪ್ಪ ಮೇಷ್ಟ್ರ ಒಬ್ಬನೇ ಮಗ ಅವನು, ಹಳೆಯ ವಿದ್ಯಾರ್ಥಿಗಳ ಸಮಿತಿಗೂ ಅವನೇ ಮುಂದಾಳು. "ಸಂಜೆ ಐದಕ್ಕೆ ಯೋಗೇಶ್ ಕಲ್ಲು ಕೊರೆಯೋಕೆ ಶುರು ಮಾಡ್ತಾನೆ. ಹಳೇ ವಿದ್ಯಾರ್ಥಿಗಳದು ಇನ್ನೂರ ಹನ್ನೆರಡು ಹೆಸರು. ಒಂದ್ಸಲ ಕೊರೆದ್ರೆ ಮುಗೀತು, ಆಮೇಲೆ ಸೇರಿಸೋಕೆ ಜಾಗ ಇಲ್ಲ. ಈ ಚಿತ್ರ ಕದ್ದ ಆರೋಪ ಇರೋ ಯಲ್ಲಮ್ಮನ ಹೆಸರು ಇರಬೇಕೋ ಬೇಡ್ವೋ, ನೀವು ಹೇಳಿದ ಹಾಗೆ."

"ನಾನು ಹೇಳಿದ ಹಾಗೆ," ಎಂದು ಜನಾರ್ದನ ತನ್ನಷ್ಟಕ್ಕೇ ಗೊಣಗಿದ. ಆ ಮಾತು ಅವನಿಗೆ ಎಲ್ಲೋ ಚುಚ್ಚಿತು.

ಭಾನುವಾರ ಆ ಕಲ್ಲನ್ನು ಶಾಲೆಯ ಹಳೆಯ ಗೇಟಿನ ಪಕ್ಕ ನಿಲ್ಲಿಸುವವರಿದ್ದರು. ಶಾಲೆ ಎಂದರೆ ಈಗ ಉಳಿದಿರುವುದು ಆ ಗೇಟು ಮತ್ತು ಒಂದು ಹಜಾರ. ಹಜಾರದಲ್ಲಿ ಶಾಮಿಯಾನದವರ ಕುರ್ಚಿ, ಕಂಬ, ಮದುವೆ ಮಂಟಪದ ಥರ್ಮಾಕೋಲ್ ಆನೆಗಳು. ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ಅಲ್ಲಿ ಒಂಬತ್ತು ಜನ ಚಾಪೆಯ ಮೇಲೆ ಕೂತು ಮಡಕೆಯ ಚಿತ್ರ ಬರೆದಿದ್ದರು. ಬೋರ್ಡು ಬರೆಯುವವರ ಮಕ್ಕಳು, ದೇವಸ್ಥಾನದ ಅರ್ಚಕರ ಮೊಮ್ಮಗ, ಕಾರ್ಖಾನೆ ಕಾರ್ಮಿಕರ ಮಕ್ಕಳು, ಎಲ್ಲರೂ ಒಂದೇ ನೀರಿನ ಡಬ್ಬದಲ್ಲಿ ಕುಂಚ ತೊಳೆದವರು. ಇಪ್ಪತ್ತೊಂಬತ್ತು ವರ್ಷ ನಡೆದು ತೊಂಬತ್ತರಲ್ಲಿ ಬೀಗ ಬಿತ್ತು. ಬೀಗ ಬಿದ್ದದ್ದು ತೊಂಬತ್ತರಲ್ಲಾದರೂ ಶಾಲೆ ಸತ್ತದ್ದು ಎಂಬತ್ತೈದರಲ್ಲೇ ಎಂದು ಎಲ್ಲರಿಗೂ ಗೊತ್ತಿತ್ತು. ತಾವು ಬರೆದ ಈ ಚಿತ್ರ ಕಾಣೆಯಾದ ದಿನ ಮೇಷ್ಟ್ರು ಕುಂಚ ಕೆಳಗಿಟ್ಟರು, ಮತ್ತೆ ಮುಟ್ಟಲಿಲ್ಲ.

"ಸಿಕ್ತು," ಎಂದ ಜನಾರ್ದನ.

ಬಟ್ಟೆಯ ಬೆನ್ನಿನ ಬಲ ಮೂಲೆಯಲ್ಲಿ, ನಸು ಹಸಿರು ಬಣ್ಣದಲ್ಲಿ, ಒಂದು ಹೆಬ್ಬೆರಳ ಗುರುತು.

"ಬೆರಳಚ್ಚು!" ವಿಜಯಕುಮಾರ್ ಮೇಜಿಗೆ ಅಂಟಿಕೊಂಡೇ ಬಿಟ್ಟ. "ಯಾರದು ಅಂತ ಗೊತ್ತಾಗತ್ತಾ?"

ಜನಾರ್ದನ ಮಸೂರವನ್ನು ಇನ್ನೂ ಹತ್ತಿರ ತಂದ. ಶಾಲೆಯಲ್ಲಿ ಬೇರೆಯವರೆಲ್ಲ ಹೆಬ್ಬೆರಳನ್ನು ನೆಟ್ಟಗೆ ಒತ್ತುತ್ತಿದ್ದರು. ಒಬ್ಬಳು ಮಾತ್ರ ಎಡಕ್ಕೆ ವಾಲಿಸಿ, ತಲೆ ಓರೆ ಮಾಡಿ ನಗುವವರ ಹಾಗೆ ಒತ್ತುತ್ತಿದ್ದಳು. ನೂರು ಬೆರಳಿನಲ್ಲಿಟ್ಟರೂ ಅವನು ಅದನ್ನು ಹೆಕ್ಕಬಲ್ಲ. ಮಸೂರ ಬೇಕಿರಲಿಲ್ಲ. ಆದರೂ ಅದನ್ನು ಕಣ್ಣಿಗೆ ಹಿಡಿದೇ ಇದ್ದ, ಕಣ್ಣು ಮಂಜಾದದ್ದು ವಿಜಯನಿಗೆ ಕಾಣದಿರಲೆಂದು.

"ಯಲ್ಲಮ್ಮಂದು."

"ಅಲ್ಲಿಗೆ ಮುಗೀತಲ್ಲಣ್ಣ! ಅವಳದೇ ಬೆರಳು. ಸಿಕ್ಕಿದ್ದೂ ಹೊಳೆಹೊನ್ನೂರಲ್ಲಿ, ಅವಳಿರೋ ಭದ್ರಾವತಿ ಪಕ್ಕದಲ್ಲೇ. ಇನ್ನೆಂತ ಸಾಬೀತು ಬೇಕು?"

"ನೀನು ಮೇಷ್ಟ್ರ ಮಗ ಆಗಿ ಹುಟ್ಟಿದ್ದು ದಂಡ ಮಾರಾಯ," ಎಂದ ಜನಾರ್ದನ. "ಒಂದು ದಿನವಾದ್ರೂ ಅಂಟು ಕಾಯಿಸಿದ್ಯಾ?"

ಬಣ್ಣದ ಶಾಲೆಗೆ ಅಂಗಡಿಯ ಕ್ಯಾನ್ವಾಸ್ ಬರುತ್ತಲೇ ಇರಲಿಲ್ಲ. ಒರಟು ಖಾದಿಯನ್ನು ಮರದ ಚೌಕಟ್ಟಿಗೆ ಬಿಗಿದು ಮೊಳೆ ಹೊಡೆಯಬೇಕು. ಹುಣಸೆ ಬೀಜ ಹುರಿದು, ಪುಡಿ ಮಾಡಿ, ಕುದಿಸಿದ ಅಂಟಿಗೆ ಸೀಮೆಸುಣ್ಣದ ಪುಡಿ ಕಲಸಿ ಬಳಿಯಬೇಕು. ಹುಳ ಹಿಡಿಯದಿರಲು ಒಂದು ಚಿಟಿಕೆ ಮೈಲುತುತ್ತ, ಅಡಿಕೆ ಮರಕ್ಕೆ ಹೊಡೆಯುವ ಔಷಧಿಗೆ ಹಾಕುತ್ತಾರಲ್ಲ, ಅದೇ. ಅಂಟು ನಸು ಹಸಿರಾಗುತ್ತಿದ್ದುದು ಅದರಿಂದಲೇ. ಅಂಟು ಕಾಯಿಸುವುದು ವಾರಕ್ಕೊಬ್ಬರ ಸರದಿ. ಸರದಿಯವರು ಹಸಿ ಅಂಟಿನಲ್ಲಿ ಹೆಬ್ಬೆರಳು ಅದ್ದಿ ಬಟ್ಟೆಯ ಬೆನ್ನಿಗೆ ಒತ್ತಬೇಕು. ನಾಳೆ ಬಣ್ಣ ಬಿರುಕು ಬಿಟ್ಟರೆ ಯಾರ ಕಿವಿ ಹಿಂಡಬೇಕೆಂದು ತಮಗೆ ಗೊತ್ತಾಗಬೇಡವೇ ಎನ್ನುತ್ತಿದ್ದರು ಮೇಷ್ಟ್ರು.

"ಬೆರಳು ಅಂದ್ರೆ ಅಂಟು ಕಾಯಿಸಿದವರು. ಚಿತ್ರ ಬರೆದವರೂ ಅಲ್ಲ, ಕದ್ದವರೂ ಅಲ್ಲ," ಎಂದ ಜನಾರ್ದನ. "ಈ ಬಟ್ಟೆ ಕಟ್ಟಿದ ವಾರ ಅವಳ ಸರದಿ ಇತ್ತು, ಅಷ್ಟೆ. ಈಗ ಆ ಫೋಟೋ ತಾ."

ಸ್ಮರಣ ಸಂಚಿಕೆಗೆಂದು ತೆಗೆದಿಟ್ಟಿದ್ದ ಫೋಟೋಗಳಲ್ಲಿ ಒಂದನ್ನು ವಿಜಯಕುಮಾರ್ ತಂದ. ಎಂಬತ್ತೈದರ ಆಗಸ್ಟ್. ವಾರ್ಷಿಕ ಪ್ರದರ್ಶನದ ಬೆಳಿಗ್ಗೆ. ಹತ್ತು ಗಂಟೆಗೆ ಅತಿಥಿಗಳ ಎದುರಿಗೆ ಮೇಷ್ಟ್ರು ಬಿಳಿ ಪರದೆ ಎತ್ತಿದಾಗ ಕಂಡದ್ದು ಬರಿದಾದ ಚೌಕಟ್ಟು. ಪತ್ರಿಕೆಯವನೊಬ್ಬ ಅದನ್ನೇ ಕ್ಲಿಕ್ಕಿಸಿದ್ದ.

"ಚೌಕಟ್ಟಿನ ಸುತ್ತ ಎಂತ ಕಾಣತ್ತೆ?"

"ಬಟ್ಟೆ ಅಂಚು. ಬ್ಲೇಡಲ್ಲಿ ಕತ್ತರಿಸಿದ್ದಾರೆ. ಮೊಳೆ ಹೊಡೆದಿದ್ದ ಅಂಚು ಹಾಗೇ ಉಳಿದಿದೆ."

"ಸರಿ. ಈಗ ಈ ಚಿತ್ರದ ಅಂಚು ನೋಡು."

ವಿಜಯಕುಮಾರ್ ನೋಡಿದ. ಮತ್ತೊಮ್ಮೆ ನೋಡಿದ. ಮೇಜಿನ ಮೇಲಿದ್ದ ಬಟ್ಟೆಯ ನಾಲ್ಕೂ ಅಂಚು ಪೂರ್ತಿಯಾಗಿದ್ದವು. ಸುತ್ತಲೂ ಮೊಳೆಯ ತೂತುಗಳು, ಒಂದೂ ಹರಿದಿರಲಿಲ್ಲ. ಯಾರೋ ಅವಸರವಿಲ್ಲದೆ, ಒಂದೊಂದೇ ಮೊಳೆಯನ್ನು ಎಬ್ಬಿಸಿ ತೆಗೆದಿದ್ದರು.

"ಹಾಗಾದ್ರೆ..." ಎಂದು ವಿಜಯ ತೊದಲಿದ.

"ಚೌಕಟ್ಟಲ್ಲಿ ಉಳಿದ ಅಂಚು ಈ ಬಟ್ಟೇದಲ್ಲ. ಅವತ್ತು ಕತ್ತರಿಸಿಕೊಂಡು ಹೋಗಿದ್ದು ಬೇರೆ ಬಟ್ಟೆ. ಇದು ಅದಕ್ಕೂ ಮುಂಚೆನೇ ಚೌಕಟ್ಟಿಂದ ಇಳಿದಿತ್ತು ಮಾರಾಯ."

ಗೋಡೆಯ ಮೇಲೆ ಮೇಷ್ಟ್ರ ಭಾವಚಿತ್ರವಿತ್ತು. ಭಾನುವಾರಕ್ಕೆಂದು ಜನಾರ್ದನನೇ ಎರಡು ತಿಂಗಳು ಕೂತು ಪೆನ್ಸಿಲಿನಲ್ಲಿ ಬರೆದದ್ದು. ಹಣೆಯ ವಿಭೂತಿ, ದಪ್ಪ ಕನ್ನಡಕ, ಏನೋ ಹೇಳಲು ಹೊರಟು ತಡೆದ ತುಟಿ. ಅವನ ಕೈಯಿಂದ ಅದಕ್ಕಿಂತ ಒಳ್ಳೆಯ ಕೆಲಸ ಬಂದಿರಲಿಲ್ಲ.

"ಐದರೊಳಗೆ ಫೋನ್ ಮಾಡ್ತೀನಿ," ಎಂದು ಅವನು ಚಪ್ಪಲಿ ಮೆಟ್ಟಿದ.

"ಎಲ್ಲಿಗೆ?"

"ಭದ್ರಾವತಿಗೆ. ಅವತ್ತು ಬೆಳಿಗ್ಗೆ ನಾನು ನೋಡಿದಾಗ ಅವಳ ಕಂಕುಳಲ್ಲಿದ್ದ ಸುರುಳಿ ಯಾವುದು ಅಂತ ಅವಳನ್ನೇ ಕೇಳ್ಬೇಕು."

*

ಬಸ್ಸು ತುಂಗೆಯ ಸೇತುವೆ ಹತ್ತಿದಾಗ ಜನಾರ್ದನ ಅಭ್ಯಾಸಬಲದಿಂದ ಕಿಟಕಿಯಾಚೆ ಇಣುಕಿದ. ಹೊಳೆಯ ನಡುವೆ ಕಲ್ಲಿನ ಮಂಟಪ ಸೊಂಟದವರೆಗೆ ನೀರಿನಲ್ಲಿ ನಿಂತಿತ್ತು. ಶಿವಮೊಗ್ಗದವರಿಗೆ ಮಳೆಗಾಲದಲ್ಲಿ ಅದೊಂದೇ ಲೆಕ್ಕ. ಗಾಜನೂರು ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರೆಂದು ಯಾರೂ ಕೇಳುವುದಿಲ್ಲ, ಮಂಟಪ ಮುಳುಗಿತಾ ಎಂದು ಕೇಳುತ್ತಾರೆ. ಮುಳುಗಿತು ಎಂದರೆ ಅರ್ಧ ಊರು ಕೆಲಸ ಬಿಟ್ಟು ಸೇತುವೆಗೆ ಬರುತ್ತದೆ.

ಪ್ರದರ್ಶನದ ಹಿಂದಿನ ಸಂಜೆಯೂ ಹಾಗೇ ಆಗಿತ್ತು. ಮಂಟಪ ಮುಳುಗಿತಂತೆ ಎಂದು ಯಾರೋ ಕೂಗಿದ್ದೇ ತಡ, ಇಡೀ ಶಾಲೆ ಕುಂಚ ಬಿಸಾಕಿ ಓಡಿತು. ಕಾವಲಿನವನೂ ಓಡಿದ. ಯಲ್ಲಮ್ಮ ಸೇತುವೆಯ ಮೇಲೆ ಜನಾರ್ದನನ ಪಕ್ಕದಲ್ಲೇ ನಿಂತಿದ್ದಳು. ಗಾಳಿಗೆ ಅವಳ ಸೆರಗು ಇವನ ಕೈಗೆ ತಾಗಿತು. ಇವನು ಕೈ ತೆಗೆಯಲಿಲ್ಲ, ಅವಳೂ ಸೆರಗು ಎಳೆದುಕೊಳ್ಳಲಿಲ್ಲ. ಅಷ್ಟೇ ಅವರಿಬ್ಬರ ಕಥೆ. ಹೇಳಿದರೆ ಯಾರಾದರೂ ನಕ್ಕಾರು, ಆದರೆ ಅವನಿಗೆ ನಲವತ್ತು ವರ್ಷಕ್ಕೆ ಅದೇ ಸಾಕಾಗಿತ್ತು.

ಮರುದಿನ ಬೆಳಿಗ್ಗೆ ಎಂಟಕ್ಕೆ ಅವನು ಶಾಲೆಯ ಗೇಟಿಗೆ ಬಂದಾಗ ಯಲ್ಲಮ್ಮ ಎದುರಾದಳು. ಕಂಕುಳಲ್ಲಿ ಬಟ್ಟೆಯ ಸುರುಳಿ. ಕರೆದರೂ ನಿಲ್ಲದೆ ಹೋದಳು. ಹತ್ತು ಗಂಟೆಗೆ, ಬರಿದಾದ ಚೌಕಟ್ಟಿನ ಮುಂದೆ ನಿಂತು ಮೇಷ್ಟ್ರು ಕೇಳಿದರು, "ಬೆಳಿಗ್ಗೆ ಯಾರಾದರೂ ಯಾರನ್ನಾದರೂ ನೋಡಿದಿರಾ?"

ಜನಾರ್ದನ ಹೇಳಿದ. ನೋಡಿದ್ದನ್ನೇ ಹೇಳಿದ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. "ಯಲ್ಲಮ್ಮ ಹೋಗ್ತಿದ್ದಳು ಸಾರ್."

ಮೇಷ್ಟ್ರು ಪೊಲೀಸರನ್ನು ಕರೆಸಲಿಲ್ಲ. ದಾಖಲಾತಿ ಪುಸ್ತಕ ತರಿಸಿ, ಎಲ್ಲರೆದುರಿಗೆ ಅವಳ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಎಳೆದರು. ಆ ಗೀಟಿನಿಂದ ಅವಳಿಗೆ ಸರ್ಟಿಫಿಕೇಟ್ ಹೋಯಿತು, ಡ್ರಾಯಿಂಗ್ ಟೀಚರ್ ಕೆಲಸ ಹೋಯಿತು. ಅವಳು ಮತ್ತೆ ಶಿವಮೊಗ್ಗದ ಕಡೆ ತಲೆ ಹಾಕಲಿಲ್ಲ. ಕಂಡವರ ಮಾತು ನಂಬಿ ಮುಖ ಬರೆಯುವ ನೌಕರಿ ಜನಾರ್ದನನಿಗೆ ಸಿಕ್ಕಿದ್ದು ಅದಾದ ಐದಾರು ವರ್ಷಕ್ಕೆ. ಸಾವಿರಾರು ಮುಖ ಬರೆದವನಿಗೆ ಅವಳ ಮುಖ ಬರೆಯಲು ಮಾತ್ರ ಯಾವತ್ತೂ ಕೈ ಏಳಲಿಲ್ಲ.

ಫೋನ್ ಸದ್ದು ಮಾಡಿತು. ಹೆಂಡತಿ.

"ಊಟಕ್ಕೆ ಬರ್ತೀರೋ ಇಲ್ವೋ?"

"ಭದ್ರಾವತಿ ಬಸ್ಸಲ್ಲಿದ್ದೀನಿ."

ಆ ಕಡೆಯಿಂದ ನಗು. "ಅಂತೂ ಹತ್ತಿದ್ರಲ್ಲ ಬಸ್ಸು. ನಮ್ಮ ಮದುವೆ ಆದಾಗಿಂದ ಹತ್ತುತ್ತೀನಿ ಹತ್ತುತ್ತೀನಿ ಅಂತಿದ್ರಿ. ಹೋಗಿ ಬನ್ನಿ. ಬರಿಗೈಲಿ ಹೋಗ್ಬೇಡಿ, ಬಾಳೆಹಣ್ಣಾದ್ರೂ ತಗೊಳ್ಳಿ."

*

ನ್ಯೂ ಟೌನಿನ ಸಾಲು ಮನೆಗಳಲ್ಲಿ ಯಲ್ಲಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲ ಪಕ್ಕದ ತಗಡಿನ ಮೇಲೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬರೆದಿತ್ತು: ಇಲ್ಲಿ ನಂಬರ್ ಪ್ಲೇಟು, ನಾಮಫಲಕ ಬರೆದು ಕೊಡಲಾಗುವುದು. ಮೂರು ಲಿಪಿಯ ಗುಂಡಗಿನ ಅಕ್ಷರಕ್ಕೂ ಒಂದೇ ಬಳುಕು. ಸ್ಟಿಕ್ಕರ್ ಬಂದ ಮೇಲೆ ಯಾರು ಬರೆಸುತ್ತಾರೋ ಏನೋ, ಬಣ್ಣ ಮಾತ್ರ ಇನ್ನೂ ಹೊಸದಾಗಿತ್ತು.

ಮಗಳು ಇಂಪನಾ ಬಾಗಿಲು ತೆಗೆದಳು. ಅಮ್ಮನ ಹೆಸರು ಕಲ್ಲಿನ ಮೇಲೆ ಇರಲಿ ಎಂದು ಸಮಿತಿಗೆ ಅರ್ಜಿ ಬರೆದವಳು ಇವಳೇ.

"ಅರ್ಜಿ ವಿಷಯ ಅಮ್ಮಂಗೆ ಗೊತ್ತಿಲ್ಲ ಸಾರ್," ಎಂದಳು ಪಿಸುಮಾತಿನಲ್ಲಿ. "ಗೊತ್ತಾದ್ರೆ ನನ್ನ ಸಿಗಿದು ಹಾಕ್ತಾಳೆ. ನೀವು ಮಾತಾಡ್ತಿರಿ, ನಾನು ಹಾಲು ತರ್ತೀನಿ."

ಯಲ್ಲಮ್ಮ ಕಿಟಕಿಯ ಬೆಳಕಿಗೆ ಬೆನ್ನು ಹಾಕಿ ಕೂತು, ಮೊಣಕಾಲ ಮೇಲೆ ತಗಡು ಇಟ್ಟುಕೊಂಡು ಯಾರದೋ ಹೆಸರು ಬರೆಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಲೆ ಎತ್ತಿದಳು. ಗುರುತು ಹಿಡಿಯಲು ಅವಳಿಗೂ ಹೊತ್ತು ಬೇಕಾಗಲಿಲ್ಲ.

"ಬನ್ನಿ. ಕೂತ್ಕೊಳ್ಳಿ," ಎಂದಳು.

ಬಾ ಅನ್ನಲಿಲ್ಲ, ಬನ್ನಿ ಅಂದಳು. ಶಾಲೆಯಲ್ಲಿ ಮೂರು ವರ್ಷ ಅವಳ ಬಾಯಲ್ಲಿ ಅವನು 'ಏ ಜನಾರ್ದನ' ಆಗಿದ್ದ. ಬೈದರೂ ಇಷ್ಟು ನೋಯುತ್ತಿರಲಿಲ್ಲ. ಬಾಳೆಹಣ್ಣಿನ ಚೀಲವನ್ನು ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲೇ ಇಟ್ಟುಕೊಂಡು ಕೂತ.

"ಹೊಳೆಹೊನ್ನೂರಲ್ಲಿ ಚಿತ್ರ ಸಿಕ್ತು."

"ಪೇಪರಲ್ಲಿ ನೋಡ್ದೆ."

"ನಾನಿವತ್ತು ಅದರ ಅಂಚು ನೋಡ್ದೆ ಯಲ್ಲಮ್ಮ. ಯಾರೂ ಕತ್ತರಿಸಿಲ್ಲ. ಹಾಗಾದ್ರೆ ಅವತ್ತು ನಿನ್ನ ಕಂಕುಳಲ್ಲಿ ಇದ್ದಿದ್ದೆಂತ?"

ಕುಂಚ ನಿಂತಿತು. ಹೆಸರಿನ ಕೊನೆಯ ಅಕ್ಷರಕ್ಕೆ ಕೊಂಬು ಇನ್ನೂ ಬಾಕಿ ಇತ್ತು. ಅವಳು ನಿಧಾನವಾಗಿ ಕೊಂಬು ಹಾಕಿ, ಕುಂಚವನ್ನು ಡಬ್ಬದಲ್ಲಿ ತೊಳೆದು, ತುದಿಯನ್ನು ಬೆರಳಿನಲ್ಲಿ ಚೂಪು ಮಾಡಿ ಪಕ್ಕಕ್ಕಿಟ್ಟಳು. ಬಣ್ಣದ ಶಾಲೆಯವರು ಹಾಗೇ ಮಾಡುವುದು.

"ಇದನ್ನ ಕೇಳೋಕೆ ನಿಮಗೆ ನಲವತ್ತು ವರ್ಷ ಬೇಕಾಯ್ತಾ?"

"ಬೇಕಾಯ್ತು."

"ಗೊತ್ತಿದ್ದೂ ಗೊತ್ತಿಲ್ಲದೋರ ಹಾಗೆ ಕೇಳ್ತೀರಲ್ಲ, ಅದೇ ನನಗೆ ಸಿಟ್ಟು. ಪೊಲೀಸರ ಜೊತೆ ಇದ್ದೂ ಇದ್ದೂ ನಾಟಕ ಚೆನ್ನಾಗಿ ಕಲ್ತಿದ್ದೀರಿ."

ಜನಾರ್ದನನಿಗೆ ತಲೆಬುಡ ತಿಳಿಯಲಿಲ್ಲ. ಅವಳು ಎದ್ದು ಮಂಚದ ಕೆಳಗಿನಿಂದ ಉದ್ದನೆಯ ತಗಡಿನ ಕೊಳವೆಯೊಂದನ್ನು ಎಳೆದಳು. ಎರಡೂ ತುದಿಗೆ ಮುಚ್ಚಳ, ಅಚ್ಚುಕಟ್ಟಾದ ಬೆಸುಗೆ.

"ಅಪ್ಪ ಮಾಡಿಕೊಟ್ಟಿದ್ದು," ಎಂದಳು. ಅವಳಪ್ಪ ಚೌಡಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು. "ಇದರಲ್ಲಿ ಎಂತ ಇಡ್ತೀಯ ಅಂತ ಕೇಳ್ಲಿಲ್ಲ. ಹುಳ ಹೋಗದ ಹಾಗೆ ಮಾಡಿದ್ದೀನಿ ನೋಡು ಅಂದ್ರು, ಅಷ್ಟೆ. ಸಾಯೋ ತನಕ ಕೇಳ್ಲಿಲ್ಲ."

ಮುಚ್ಚಳ ತೆಗೆದು ಸುರುಳಿಯನ್ನು ನೆಲದ ಮೇಲೆ ಬಿಡಿಸಿದಳು. ಉಕ್ಕುವ ತುಂಗೆ, ಕೆಂಪು ನೀರು, ನೀರಿನಿಂದ ತಲೆ ಮಾತ್ರ ಹೊರಗಿಟ್ಟ ಮಂಟಪ. 'ತುಂಬಿದ ಹೊಳೆ.' ಇನ್ನೊಂದು. ಸುತ್ತಲೂ ಬ್ಲೇಡಿನಲ್ಲಿ ಕತ್ತರಿಸಿದ ಅಂಚು.

"ನಕಲು!" ಎಂದ ಜನಾರ್ದನ.

"ಹೂಂ, ನಕಲು. ಅವತ್ತು ಏಳೂವರೆಗೇ ಬಂದಿದ್ದೆ, ಗೇಟಿಗೆ ರಂಗೋಲಿ ಹಾಕೋಕೆ. ಮೇಷ್ಟ್ರು ಅಸಲು ಚಿತ್ರ ಬರೆದಿದ್ದು ನಾನು ಅಂಟು ಬಳಿದ ಬಟ್ಟೆ ಮೇಲೆ, ನೆನಪಿದ್ಯಾ? ಎಲ್ಲರಿಗೂ ಹೇಳಿಕೊಂಡು ತಿರುಗ್ತಿದ್ದೆ. ಜನ ಬರೋ ಮುಂಚೆ ಒಂದ್ಸಲ ನನ್ನ ಬೆರಳು ನೋಡ್ಕೊಳ್ಳೋಣ ಅಂತ ಚೌಕಟ್ಟಿನ ಹಿಂದೆ ಬಗ್ಗಿದೆ." ಅವಳು ಬಟ್ಟೆಯ ಮೂಲೆ ಹಿಡಿದು ಮಗುಚಿದಳು. "ನನ್ನದಿರಲಿಲ್ಲ. ಇದಿತ್ತು."

ನಸು ಹಸಿರು ಹೆಬ್ಬೆರಳು. ನೆಟ್ಟಗೆ ಒತ್ತಿದ್ದು. ನಡುವೆ ಅಡ್ಡಲಾಗಿ ಒಂದು ಗಾಯದ ಗೆರೆ.

ಜನಾರ್ದನ ತನ್ನ ಬಲಗೈ ತಿರುಗಿಸಿ ನೋಡಿಕೊಂಡ. ನೋಡುವ ಅಗತ್ಯವಿರಲಿಲ್ಲ. ಮೊದಲ ವರ್ಷ ರಟ್ಟು ಕೊಯ್ಯುವಾಗ ಚಾಕು ಜಾರಿ ಆದ ಗಾಯ ಅದು. ಅರಿಶಿನ ಮೆತ್ತಿ, ತನ್ನ ರಿಬ್ಬನ್ ಹರಿದು ಕಟ್ಟಿದ್ದವಳು ಈಗ ಎದುರಿಗೆ ಕೂತಿದ್ದಳು.

"ಅಸಲು ಮುಗಿದ ಮೇಲಿನ ವಾರ ಸರದಿ ನಮ್ಮ ಜೊತೆ ಕಲೀತಿದ್ದ ವಾದಿರಾಜಂದು. ಸರದಿ ಪಟ್ಟಿ ಗೋಡೆ ಮೇಲೆ ಬರೆದಿತ್ತು," ಎಂದಳು ಯಲ್ಲಮ್ಮ. "ಸರದಿ ಇಲ್ದೆ ನೀವು ಕದ್ದು ಅಂಟು ಕಾಯಿಸಿ ಬಟ್ಟೆ ಕಟ್ಟಿದ್ದೀರಿ ಅಂದ್ರೆ ಅರ್ಥ ಎಂತ? ನಕಲು ಮಾಡಿದ್ದು ನೀವೇ, ಅಸಲು ಸಾಗಿಸಿದ್ದೂ ನೀವೇ. ಹತ್ತು ಗಂಟೆಗೆ ಮೇಷ್ಟ್ರು ಪರದೆ ಎತ್ತುತ್ತಾರೆ. ತಮ್ಮ ಕೈಕೆಲಸ ಅಲ್ಲ ಅಂತ ಒಂದೇ ನೋಟಕ್ಕೆ ತಿಳಿಯತ್ತೆ. ಹಿಂದೆ ತಿರುಗಿಸಿದ್ರೆ ನಿಮ್ಮ ಬೆರಳು. ಮುಗೀತು ನಿಮ್ಮ ಕಥೆ ಅಂತ ಎದೆ ಧಸಕ್ ಅಂತು. ಪೆನ್ಸಿಲ್ ಕೆತ್ತೋ ಬ್ಲೇಡಿತ್ತು. ಕುಯ್ದೆ. ಸುತ್ತಿದೆ. ಹೋದೆ."

ಹೊರಗೆ ಯಾರೋ "ಯಲ್ಲಮ್ಮಕ್ಕಾ" ಎಂದು ಕೂಗಿ, ಉತ್ತರ ಬಾರದೆ ಮುಂದೆ ಹೋದರು.

"ಆಮೇಲೆ ಕೇಳ್ದೆ, ನನ್ನ ಹೆಸರು ಹೇಳಿದ್ದು ನೀವೇ ಅಂತ," ಎಂದಳು. ಈಗ ಅವಳ ದನಿ ಒಡೆಯಿತು. "ನಿಮ್ಮ ಉಳಿಸೋಕೆ ನಾನು ಓಡಿದ್ದೆ. ನೀವು ನಿಮ್ಮ ಉಳಿಸ್ಕೊಳ್ಳೋಕೆ ನನ್ನ ತೋರಿಸಿದ್ರಿ. ಈ ಊರಲ್ಲಿ ಯಾರ್ಯಾರದೋ ಹೆಸರು ಬರೆದೆ. ಲಾರಿಯವರು, ಡಾಕ್ಟರು, ಸತ್ತವರು, ಎಲ್ಲ ಬರೆದೆ. ನನ್ನ ಹೆಸರು ಮಾತ್ರ ಆ ಪುಸ್ತಕದಲ್ಲಿ ಕೆಂಪು ಗೀಟಿನ ಕೆಳಗೇ ಇತ್ತು. ಆದ್ರೂ ಬಾಯಿ ಬಿಡ್ಲಿಲ್ಲ. ಯಾಕೆ ಅಂತ ನನ್ನನ್ನೇ ಕೇಳಿಕೊಂಡು ಕೇಳಿಕೊಂಡು ಸಾಕಾಯ್ತು."

ಜನಾರ್ದನ ಬಟ್ಟೆಯ ಮೇಲಿನ ತನ್ನ ಬೆರಳ ಗುರುತು ಮುಟ್ಟಿದ. ಬೆರಳು ಅಂದರೆ ಅಂಟು ಕಾಯಿಸಿದವರು, ಅಷ್ಟೇ, ಎಂದು ಬೆಳಿಗ್ಗೆ ವಿಜಯನಿಗೆ ಜಾಣತನದಲ್ಲಿ ಪಾಠ ಹೇಳಿದ್ದ. ಅದೇ ತಪ್ಪನ್ನು ಇವಳೂ ಮಾಡಿದ್ದಳು. ವಿಜಯ ಮಾಡಿದ್ದು ತಿಳಿಯದೆ, ಇವಳು ಮಾಡಿದ್ದು ಪ್ರೀತಿಯಿಂದ.

"ನಾನು ನಕಲು ಮಾಡ್ಲಿಲ್ಲ ಯಲ್ಲಮ್ಮ," ಎಂದ ಕೊನೆಗೆ. "ನಿನ್ನ ಹೆಸರು ಹೇಳಿದ್ದು ನಾನೇ. ಅದಕ್ಕೆ ಕ್ಷಮೆ ಕೇಳೋ ಮುಖವೂ ನನಗಿಲ್ಲ. ಆದ್ರೆ ಈ ಚಿತ್ರ ನಾನು ಬರೆದಿಲ್ಲ. ನೋಡಿದ್ದೇ ಇವತ್ತು. ನನ್ನ ಮೊಮ್ಮಕ್ಕಳಾಣೆ."

ಅವಳು ಅವನ ಕಣ್ಣನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು.

"ನೀನಲ್ವಾ?"

ನೀನು ಅಂದಳು. ಅವನಿಗೆ ಅಷ್ಟಕ್ಕೇ ಅಳು ಬಂತು. ಅವಳಿಗೆ ಬೇರೆಯದಕ್ಕೆ ಬಂತು. ನಲವತ್ತು ವರ್ಷ ಹೊತ್ತದ್ದು ಯಾರಿಗಾಗಿಯೂ ಅಲ್ಲವೆಂದು ತಿಳಿದರೆ ಯಾರಿಗೆ ತಾನೇ ಬಾರದು? ಸೆರಗಿನಿಂದ ಮುಖ ಒರೆಸಿಕೊಂಡು ಅವಳೇ ಮೊದಲು ಸುಧಾರಿಸಿಕೊಂಡಳು.

"ಹಾಗಾದ್ರೆ ಈ ಬೆರಳು?"

"ಬೆರಳು ನಂದೇ."

"ಸರದಿ ನಿಂದಲ್ಲ."

"ಅಲ್ಲ."

"ಮತ್ತೆ ಯಾಕೆ ಕಾಯಿಸ್ದೆ? ಯಾರ ಬಟ್ಟೆ ಇದು? ನೆನಪು ಮಾಡ್ಕೋ."

ಜನಾರ್ದನ ಬಟ್ಟೆಯ ಬೆನ್ನಿನ ಮೇಲೆ ಅಂಗೈ ಆಡಿಸಿದ. ಮಧ್ಯದಲ್ಲಿ ಏನೋ ತಡೆಯಿತು. ಮೇಲಿನಿಂದ ಕೆಳಗೆ ಸಣ್ಣ ಏಣು. ಎರಡು ತುಂಡು ಖಾದಿಯನ್ನು ಸೇರಿಸಿದ ಹೊಲಿಗೆ. ಅಗಲದ ಬಟ್ಟೆ ಮುಗಿದಿತ್ತು, ಅದಕ್ಕೇ ಎರಡು ತುಂಡು ಸೇರಿಸಿ ಹೊಲಿಸಿದ್ದು. ಹೊಲಿಸಿಕೊಂಡು ಬಂದದ್ದು ತಾನೇ.

ಆ ಮಧ್ಯಾಹ್ನ ಪೂರ್ತಿ ಎದ್ದು ಬಂತು. ಅಂಟಿನ ಕೋಣೆಯ ಹುಣಸೆ ಬೀಜದ ಕಮಟು ವಾಸನೆ. ಉಳಿದವರೆಲ್ಲ ಊಟಕ್ಕೆ ಹೋಗಿದ್ದರು. ಬಾಗಿಲಲ್ಲಿ ಒಂದು ನೆರಳು. ಸರದಿ ನನ್ನದಲ್ಲವಲ್ಲ ಸಾರ್ ಎಂದಿದ್ದ. ಅದಕ್ಕೆ ಉತ್ತರವಾಗಿ ಹೆಗಲ ಮೇಲೆ ಒಂದು ಕೈ ಬಿದ್ದಿತ್ತು. "ಇದಕ್ಕೆ ನಿನ್ನ ಅಂಟೇ ಬೇಕು ಜನಾರ್ದನ. ಯಾರಿಗೂ ಹೇಳಬೇಡ. ಗೋಡೆ ಮೇಲೂ ಬರೆಯಬೇಡ." ಎಷ್ಟೊಂದು ಹೆಮ್ಮೆಯಾಗಿತ್ತು ಅವನಿಗೆ! ಅಷ್ಟು ಜನರಲ್ಲಿ ತನ್ನನ್ನೇ ಆರಿಸಿದರಲ್ಲ ಎಂದು ಆ ರಾತ್ರಿ ನಿದ್ದೆ ಬಂದಿರಲಿಲ್ಲ. ಹೇಳಬೇಡ ಎಂದ ಮಾತನ್ನು ಎಷ್ಟು ಚೆನ್ನಾಗಿ ಪಾಲಿಸಿದನೆಂದರೆ, ಕೊನೆಗೆ ತಾನೇ ಮರೆತುಬಿಟ್ಟ.

ಇನ್ನೊಂದು ನೆನಪು ಅದರ ಬೆನ್ನಿಗೇ ಬಂತು. ಮಂಟಪ ಮುಳುಗಿದ ಸಂಜೆ. ಎಲ್ಲರೂ ಓಡುವಾಗ ಬಾಗಿಲಲ್ಲಿ ನಿಂತು ನಕ್ಕವರು ಒಬ್ಬರೇ. "ನಾನು ಬರೆದೇ ಆಯ್ತಲ್ಲ, ಮತ್ತೆ ಯಾಕೆ ನೋಡಲಿ? ನೀವು ಹೋಗಿ ಬನ್ನಿ." ಅವರೊಬ್ಬರೇ ಶಾಲೆಯಲ್ಲಿ ಉಳಿದರು. ಒಂದೊಂದೇ ಮೊಳೆ ಎಬ್ಬಿಸುವಷ್ಟು ಹೊತ್ತು.

"ಯಾರು ಜನಾರ್ದನ?"

"ಮೇಷ್ಟ್ರು," ಎಂದ. ತನ್ನ ದನಿ ತನಗೇ ಕೇಳಿಸಲಿಲ್ಲ. "ಷಣ್ಮುಖಪ್ಪ ಮೇಷ್ಟ್ರು."

ಯಲ್ಲಮ್ಮ ಗೋಡೆಗೆ ಒರಗಿದಳು.

ನಕಲನ್ನು ಅವರು ತಾವೇ ಎಲ್ಲರ ಮುಂದೆ ತೆರೆದು ತೋರಿಸುವವರಿದ್ದರು. ಯಾರಿಗೂ ತಿಳಿಯುತ್ತಿರಲಿಲ್ಲ. ಇವಳು ಬೆರಳು ನೋಡಲು ಬಗ್ಗದೇ ಹೋಗಿದ್ದರೆ ಅಲ್ಲಿ ಕಳ್ಳತನ ಎಂಬುದೇ ಇರುತ್ತಿರಲಿಲ್ಲ. ಅಸಲನ್ನು ಇವಳು ಒಯ್ದಿಲ್ಲ ಎಂದು ಆ ಹಜಾರದಲ್ಲಿ ಪೂರ್ತಿ ಗೊತ್ತಿದ್ದವರು ಒಬ್ಬರೇ. ಅವರೇ ಕೆಂಪು ಶಾಯಿಯ ಪೆನ್ನು ತೆಗೆದುಕೊಂಡರು. ಯಾಕೆ? ತಮ್ಮದೇ ಚಿತ್ರವನ್ನು ತಾವೇ ಯಾಕೆ ಬಚ್ಚಿಡಬೇಕಿತ್ತು?

ಜೇಬಿನಲ್ಲಿ ಫೋನ್ ಸದ್ದು ಮಾಡಿತು. ವಿಜಯಕುಮಾರ್. ಗೋಡೆ ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು.

"ಜನಾರ್ದನಣ್ಣ, ಯೋಗೇಶ್ ಕಲ್ಲು ಏರಿಸಿ ಕೂತಿದ್ದಾನೆ. ಏನಾಯ್ತು? ಸುರುಳಿ ಸಿಕ್ತಾ?"

"ಸಿಕ್ತು. ಯಲ್ಲಮ್ಮ ಕದ್ದಿಲ್ಲ ವಿಜಯ. ಅದು ನಕಲು. ಅದರ ಬೆನ್ನಿಗೆ ಇರೋದು ನನ್ನ ಬೆರಳು."

"ನಿಮ್ಮ ಬೆರಳಾ?" ವಿಜಯಕುಮಾರ್ ದನಿ ಏರಿಸಿದ. "ಮತ್ತೆ ನಿಮ್ಮ ಕೈಲಿ ಬಟ್ಟೆ ಕಟ್ಟಿಸಿದ್ದು ಯಾರು? ಹೆಸರು ಹೇಳಿ. ಕಳ್ಳನ ಹೆಸರು ಹೇಳದೆ ಯಲ್ಲಮ್ಮನ ಹೆಸರು ಸೇರಿಸಿದ್ರೆ ಸಮಿತಿಯವರು ಒಪ್ಪಲ್ಲ. ನನ್ನ ಅಪ್ಪನ ಎದೆ ಒಡೆದವನು ಯಾರು ಅಂತ ನನಗೂ ಗೊತ್ತಾಗ್ಬೇಕು."

ಗೋಪಾಳದ ಮನೆಯ ಗೋಡೆ ಜನಾರ್ದನನ ಕಣ್ಣ ಮುಂದೆ ಬಂತು. ವಿಭೂತಿ, ಕನ್ನಡಕ, ಏನೋ ಹೇಳಲು ಹೊರಟು ತಡೆದ ತುಟಿ. ಎರಡು ತಿಂಗಳು ಆ ತುಟಿಯನ್ನು ಬರೆದವನಿಗೆ ಅದು ಏನನ್ನು ತಡೆದಿದೆ ಎಂದು ಹೊಳೆದಿರಲಿಲ್ಲ.

"ವಿಜಯ, ಬಟ್ಟೆ ಕಟ್ಟೋಕೆ ಹೇಳಿದ್ದು..."

ಯಲ್ಲಮ್ಮನ ಕೈ ಫೋನಿನ ಮೇಲೆ ಬಂತು. ಬಣ್ಣದ ಕಲೆಯ ಒರಟು ಕೈ. ಅವಳ ಹೆಬ್ಬೆರಳು ಇವನ ಗಾಯದ ಗೆರೆಯ ಮೇಲೆ ಕೂತಿತು, ಎಡಕ್ಕೆ ವಾಲಿಕೊಂಡು.

"ಒಂದ್ಸಲ ನೋಡಿದ್ದನ್ನ ನೋಡಿದ ಹಾಗೆ ಹೇಳ್ದೆ," ಎಂದಳು ಮೆಲ್ಲಗೆ. "ಏನಾಯ್ತು ಗೊತ್ತಲ್ಲ. ಈ ಸಲ ಯಾಕೆ ಅಂತ ತಿಳ್ಕೊಂಡು ಆಮೇಲೆ ಹೇಳು."

"ಶಾಲೆ ಗೇಟಿನ ಕಲ್ಲಿಗೆ ಐದಕ್ಕೆ ಎಲ್ಲರ ಹೆಸರು ಕೊರೀತಾರೆ ಮಾರಾಯ್ತಿ. ಈಗ ಹೇಳ್ದೆ ಇದ್ರೆ ನಿನ್ನ ಹೆಸರು ಹೋಗತ್ತೆ. ಆಮೇಲೆ ಜಾಗ ಇಲ್ಲ."

ಅವಳು ಕೈ ತೆಗೆಯಲಿಲ್ಲ. ಅವರಿಬ್ಬರ ಬೆರಳಿನ ಕೆಳಗಿನಿಂದ ವಿಜಯಕುಮಾರನ ದನಿ ಬರುತ್ತಲೇ ಇತ್ತು.

"ಹಲೋ? ಜನಾರ್ದನಣ್ಣ? ಯಾರು ಅಂದ್ರಿ?"